ರೆಟ್ರೋ ಗೇಮ್ ಆಡುವ ರಾಸ್ಪ್‌ಬೆರಿ ಪೈನಲ್ಲಿ ಬಿಸಿ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಆಟದಿಂದಲೇ ಶುರು ಮಾಡೋಣ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ನಿಂಟೆಂಡೊ 64 ಎಂಬ ಹಳೆಯ ಕನ್ಸೋಲಿನ ಒಂದು ರೇಸಿಂಗ್ ಗೇಮ್ ಹಾಕಿದ್ದೀರಿ ಅಂದುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಸಂಗೀತದ ನಡುವೆ ಚಟಪಟ ಸದ್ದು. ಇನ್ನೊಂದು ಹತ್ತು ನಿಮಿಷಕ್ಕೆ ತಿರುವಿನಲ್ಲಿ ಗಾಡಿ ತಡೆತಡೆದು ಓಡುತ್ತದೆ. ಇಲ್ಲಿ ಹೆಚ್ಚಿನವರು ಎಮ್ಯುಲೇಟರ್ (ಹಳೆಯ ಕನ್ಸೋಲಿನ ಕೆಲಸವನ್ನು ಅನುಕರಿಸುವ ಪ್ರೋಗ್ರಾಮ್) ಬದಲಿಸುತ್ತಾರೆ, ಗೇಮ್ ಇರುವ ರೋಮ್ ಫೈಲ್ ಬದಲಿಸುತ್ತಾರೆ, ಕೊನೆಗೆ ಎಸ್‌ಡಿ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿ ಕೂರುತ್ತಾರೆ. ಆದರೆ ಇಪ್ಪತ್ತು ನಿಮಿಷ ಸರಿಯಾಗಿ ನಡೆದು ಆಮೇಲೆ ಕೆಟ್ಟಿತು ಅನ್ನುವುದರಲ್ಲೇ ಸುಳಿವಿದೆ. ಸೆಟ್ಟಿಂಗ್ ತಪ್ಪಿದ್ದರೆ ಸಾಮಾನ್ಯವಾಗಿ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ನಿಧಾನವಾಗಿ ಹದಗೆಡುವುದು ಬಿಸಿಯ ಲಕ್ಷಣ.

ಎಮ್ಯುಲೇಟರ್‌ಗೆ ಯಾಕೆ ಇದು ಇಷ್ಟು ತಟ್ಟುತ್ತದೆ? ನೀವು ವೆಬ್ ಪುಟ ತೆರೆದಾಗ ಪ್ರೊಸೆಸರ್ ಅರ್ಧ ಸೆಕೆಂಡ್ ತಡಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಗೇಮ್ ಹಾಗಲ್ಲ. ಸೆಕೆಂಡಿಗೆ 60 ಫ್ರೇಮ್ ಅಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಹಳೆಯ ಕನ್ಸೋಲಿನ ಸಿಪಿಯು, ಚಿತ್ರ ಬಿಡಿಸುವ ಚಿಪ್, ಸದ್ದಿನ ಚಿಪ್, ಈ ಮೂರರ ಕೆಲಸವನ್ನೂ ಮಾಡಿ ಮುಗಿಸಬೇಕು. ಇವು ಮೂರೂ ಒಂದಕ್ಕೊಂದು ಹೆಜ್ಜೆ ಹಾಕಿಕೊಂಡು ಹೋಗಬೇಕಾದ್ದರಿಂದ ಕೆಲಸದ ಬಹುಪಾಲು ಪ್ರೊಸೆಸರಿನ ಒಂದೇ ಕೋರಿನ ಮೇಲೆ ಬೀಳುತ್ತದೆ. ನಾಲ್ಕು ಕೋರ್ ಇದ್ದರೂ ಹಂಚಿಕೊಳ್ಳುವುದಕ್ಕೆ ಆಗುವುದಿಲ್ಲ. ಆ ಒಂದು ಕೋರಿನ ವೇಗ ಇಳಿದರೆ ಫ್ರೇಮ್ 18 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಸದ್ದಿನ ಬಫರ್ ಖಾಲಿಯಾಗುತ್ತದೆ, ನಮಗೆ ಚಟಪಟ ಕೇಳುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುವುದು ಇದಕ್ಕೇ.

ಹಾಗಾಗಿ ನಮಗೆ ಬೇಕಿರುವುದು ಏನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. 45 ಡಿಗ್ರಿಯೇ ಬರಲಿ ಎಂದು ದೊಡ್ಡ ಟವರ್ ಕೂಲರ್ ಕೂರಿಸಿ ಪರದೆಯ ಮೂಲೆಯಲ್ಲಿ ಆ ಅಂಕಿಯನ್ನು ನೋಡುತ್ತಾ ಕೂರುವವರಿದ್ದಾರೆ. ಅದರಿಂದ ಆಟಕ್ಕೆ ಏನೂ ಸಿಗುವುದಿಲ್ಲ. 70 ಡಿಗ್ರಿಯಲ್ಲಿ ನಿಂತ ಪೈ 4 ಕೂಡ ತನ್ನ ಪೂರ್ತಿ ವೇಗದಲ್ಲೇ ಓಡುತ್ತದೆ. ಎಷ್ಟು ಹೊತ್ತು ಆಡಿದರೂ ವೇಗ ಇಳಿಯದಿದ್ದರೆ ಸಾಕು. ಅದಕ್ಕೆ ಬಿಸಿ ಚಿಪ್ಪಿನಿಂದ ಹೊರಟು ಕೋಣೆಯ ಗಾಳಿ ಸೇರುವವರೆಗಿನ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು, ಅಲ್ಲಿ ಮಾತ್ರ ಕೈ ಹಾಕಬೇಕು.

ಯಾವ ಬೋರ್ಡಿಗೆ ಯಾವ ಗಡಿ

ಪೈ 3ಬಿ, ಪೈ 4, ಪೈ 5 ಈ ಮೂರಕ್ಕೂ 80 ಡಿಗ್ರಿ ಸೆಲ್ಸಿಯಸ್ ಮೊದಲ ಗೆರೆ. ಅಲ್ಲಿಂದ ಸಿಪಿಯು ಕೋರುಗಳ ವೇಗ ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ. 85 ತಲುಪಿದರೆ ಗ್ರಾಫಿಕ್ಸ್ ಭಾಗವೂ ಇಳಿಯುತ್ತದೆ. ಪರದೆಯ ಮೇಲೆ ಅರ್ಧ ತುಂಬಿದ ಕೆಂಪು ಥರ್ಮಾಮೀಟರ್ ಚಿತ್ರ ಬಂದರೆ 80ರಿಂದ 85ರ ನಡುವೆ ಇದ್ದೀರಿ, ಪೂರ್ತಿ ತುಂಬಿದ್ದರೆ 85 ದಾಟಿದ್ದೀರಿ. ಬೋರ್ಡಿನ ಸೆಟ್ಟಿಂಗುಗಳಿರುವ ಕಾನ್ಫಿಗ್ ಫೈಲಿನಲ್ಲಿ ಈ 85ರ ಮಿತಿಯನ್ನು ತಗ್ಗಿಸಬಹುದು, ಏರಿಸಲು ಬರುವುದಿಲ್ಲ.

2018ರಲ್ಲಿ ಬಂದ 3ಬಿ ಪ್ಲಸ್ ಮಾತ್ರ ಬೇರೆ. ಅದಕ್ಕೆ 60 ಡಿಗ್ರಿಯಲ್ಲೇ ಒಂದು ಮೆದು ಮಿತಿ ಇದೆ. 60 ತಲುಪಿದ ಕೂಡಲೇ 1.4 ಗಿಗಾಹರ್ಟ್ಸ್‌ನಿಂದ 1.2ಕ್ಕೆ ಇಳಿಯುತ್ತದೆ. ಥರ್ಮಾಮೀಟರ್ ಚಿತ್ರವನ್ನೇ ಕಾಯುತ್ತಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾನ್ಫಿಗ್ ಫೈಲಿನಲ್ಲಿ ಟೆಂಪ್ ಸಾಫ್ಟ್ ಲಿಮಿಟ್ ಎಂಬ ಸಾಲು ಸೇರಿಸಿ ಇದನ್ನು 70ರವರೆಗೆ ಏರಿಸಲು ಅವಕಾಶವಿದೆ. ಪ್ಲೇಸ್ಟೇಷನ್ ಮೊದಲ ತಲೆಮಾರಿನ ಗೇಮುಗಳನ್ನು ಈ ಬೋರ್ಡಿನಲ್ಲಿ ಆಡುವವರು ಇದನ್ನು ಮಾಡಲೇಬೇಕು, ಜೊತೆಗೆ ಒಂದು ಹೀಟ್‌ಸಿಂಕ್, ಅಂದರೆ ಚಿಪ್ಪಿನ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡು ಕೂಡ ಹಾಕಬೇಕು.

ಇಲ್ಲಿ ಒಂದು ಸೂಚನೆ. ನಾನು ಹೇಳುವ ಆಜ್ಞೆಗಳನ್ನೂ ಸೆಟ್ಟಿಂಗ್ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಿರಿ. ಹೆಸರಿನೊಳಗಿನ ಪದಗಳ ನಡುವೆ ಖಾಲಿ ಜಾಗದ ಬದಲು ಅಂಡರ್‌ಸ್ಕೋರ್ ಬರುತ್ತದೆ. ಕಾನ್ಫಿಗ್ ಫೈಲು ಹಳೆಯ ವ್ಯವಸ್ಥೆಗಳಲ್ಲಿ ಬೂಟ್ ಫೋಲ್ಡರಿನಲ್ಲೇ ಇರುತ್ತದೆ. ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಅದು ಬೂಟ್‌ನ ಒಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ಬದಲಾವಣೆ ಮಾಡಿದರೂ ಏನೂ ಆಗಲಿಲ್ಲ ಎನ್ನುವವರು ಮೊದಲು ಸರಿಯಾದ ಫೈಲನ್ನೇ ತಿದ್ದಿದ್ದೇವೆಯೇ ಎಂದು ನೋಡಿಕೊಳ್ಳಿ.

ಎಲ್ಲ ಗೇಮುಗಳೂ ಒಂದೇ ಸಮ ಬಿಸಿ ಮಾಡುವುದಿಲ್ಲ. 90ರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಹಚ್ಚಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮುಗಳು ಬಹುಪಾಲು 1983ರ ಫ್ಯಾಮಿಕಾಮ್‌ನ ನಕಲುಗಳು. ಅದರ ಸಿಪಿಯು ವೇಗ 1.79 ಮೆಗಾಹರ್ಟ್ಸ್. ಅದನ್ನು ಪೈ 4ರಲ್ಲಿ ಆಡಿದರೆ ಚಿಪ್ಪಿಗೆ ಕೆಲಸವೇ ಇಲ್ಲದ ಹಾಗೆ, ಬರಿಯ ಹೀಟ್‌ಸಿಂಕ್ ಸಾಕೋ ಸಾಕು. ಸೂಪರ್ ನಿಂಟೆಂಡೊ, ಮೆಗಾ ಡ್ರೈವ್, ಮೊದಲ ಪ್ಲೇಸ್ಟೇಷನ್ ಕೂಡ ಪೈ 4ಕ್ಕೆ ಹಗುರವೇ. ನಿಂಟೆಂಡೊ 64, ಡ್ರೀಮ್‌ಕಾಸ್ಟ್, ಪಿಎಸ್‌ಪಿ ಬಂದಾಗ ನಿಜವಾದ ಹೊರೆ ಶುರುವಾಗುತ್ತದೆ.

ಹಗುರ ಗೇಮನ್ನೂ ಭಾರ ಮಾಡುವ ಸೆಟ್ಟಿಂಗುಗಳಿವೆ, ಅದನ್ನು ಮರೆಯಬೇಡಿ. ಎಮ್ಯುಲೇಟರುಗಳನ್ನು ನಡೆಸುವ ರೆಟ್ರೋಆರ್ಕ್‌ನ ರನ್ ಅಹೆಡ್ ಒಂದು. ಬಟನ್ ಒತ್ತಿದ್ದು ಬೇಗ ತಟ್ಟಲಿ ಎಂದು ಇದು ಪ್ರತಿ ಫ್ರೇಮಿಗೂ ಮುಂದಿನ ಫ್ರೇಮುಗಳನ್ನು ಮೊದಲೇ ಲೆಕ್ಕ ಹಾಕುತ್ತದೆ, ಅಂದರೆ ಅದೇ ಕೆಲಸವನ್ನು ಎರಡು ಮೂರು ಪಟ್ಟು ಮಾಡುತ್ತದೆ. ಹಿಂದಕ್ಕೆ ಸುತ್ತುವ ರಿವೈಂಡ್ ಇನ್ನೊಂದು. ಹಳೆಯ ಟಿವಿಯ ಗೆರೆಗಳನ್ನು ತೋರಿಸುವ ಭಾರಿ ಶೇಡರುಗಳು ಗ್ರಾಫಿಕ್ಸ್ ಭಾಗವನ್ನು ದುಡಿಸುತ್ತವೆ. ಪೈ 4ರಲ್ಲಿ 4ಕೆ 60 ಹರ್ಟ್ಸ್ ಔಟ್‌ಪುಟ್ ತೆರೆದಿದ್ದರೆ ಅದೊಂದರಿಂದಲೇ ವಿದ್ಯುತ್ತೂ ಬಿಸಿಯೂ ಏರುತ್ತವೆ. 240 ಗೆರೆಗಳ ಗೇಮಿಗೆ 4ಕೆ ಯಾಕೆ? 1080ಕ್ಕೆ ಇಳಿಸಿ, ಚಿತ್ರ ಒಂದಿಷ್ಟೂ ಕೆಡುವುದಿಲ್ಲ.

ಅಳೆಯದೆ ಏನೂ ಕೊಳ್ಳಬೇಡಿ

ಪೈನಲ್ಲಿ ಎಸ್‌ಎಸ್‌ಎಚ್ (ಇನ್ನೊಂದು ಸಾಧನದಿಂದ ಆಜ್ಞೆ ಕೊಡುವ ದಾರಿ) ತೆರೆದಿಟ್ಟು, ಆಡುತ್ತಿರುವಾಗಲೇ ಇನ್ನೊಂದು ಲ್ಯಾಪ್‌ಟಾಪಿನಿಂದಲೋ ಫೋನಿನಿಂದಲೋ ಒಳಗೆ ಹೋಗಿ. ವಿ, ಸಿ, ಜಿ, ಇ, ಎನ್, ಸಿ, ಎಂ, ಡಿ ಈ ಎಂಟು ಅಕ್ಷರಗಳ ಆಜ್ಞೆಯೇ ನಮಗೆ ಬೇಕಾದ್ದು. ಅದರ ಮುಂದೆ ಮೆಷರ್ ಟೆಂಪ್ ಎಂದು ಕೊಟ್ಟರೆ ಉಷ್ಣಾಂಶ, ಮೆಷರ್ ಕ್ಲಾಕ್ ಎಂದು ಬರೆದು ಖಾಲಿ ಜಾಗ ಬಿಟ್ಟು ಆರ್ಮ್ ಎಂದರೆ ಈ ಕ್ಷಣದ ಸಿಪಿಯು ವೇಗ, ಗೆಟ್ ಥ್ರಾಟಲ್ಡ್ ಎಂದರೆ ವೇಗ ಯಾವಾಗಲಾದರೂ ಇಳಿದಿದೆಯೇ ಅನ್ನುವ ವರದಿ.

ಈ ಮೂರನೆಯದನ್ನು ಓದಲು ಕಲಿತರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಉತ್ತರ ಸೊನ್ನೆ ಎಕ್ಸ್ ಸೊನ್ನೆ ಎಂದಷ್ಟೇ ಬಂದರೆ ಬೋರ್ಡ್ ಶುರುವಾದಾಗಿನಿಂದ ಯಾವ ತೊಂದರೆಯೂ ಆಗಿಲ್ಲ. ಎಕ್ಸ್ ಆದಮೇಲೆ ಐದು ಅಂಕಿ ಬಂದರೆ ಕೊನೆಯ ಅಂಕಿ ಈ ಕ್ಷಣದ್ದು, ಮೊದಲ ಅಂಕಿ ಬೂಟ್ ಆದಾಗಿನಿಂದ ನಡೆದದ್ದು. ಎರಡಕ್ಕೂ ಅರ್ಥ ಒಂದೇ: 1 ಎಂದರೆ ವೋಲ್ಟೇಜ್ ಕಡಿಮೆ, 2 ಎಂದರೆ ವೇಗಕ್ಕೆ ಮಿತಿ ಬಿದ್ದಿದೆ, 4 ಎಂದರೆ ಥ್ರಾಟಲ್ ಆಗಿದೆ, ಅಂದರೆ ಬೋರ್ಡ್ ತಾನೇ ವೇಗ ಇಳಿಸಿದೆ, 8 ಎಂದರೆ ಮೆದು ಉಷ್ಣ ಮಿತಿ. ಒಂದಕ್ಕಿಂತ ಹೆಚ್ಚು ಸಂಗತಿ ಸೇರಿದ್ದರೆ ಅಂಕಿಗಳು ಕೂಡುತ್ತವೆ, 9 ದಾಟಿದರೆ ಎ, ಬಿ, ಸಿ ಎಂದು ಅಕ್ಷರ ಬರುತ್ತದೆ. ಉದಾಹರಣೆಗೆ 50000 ಬಂದಿದೆ. 5 ಅಂದರೆ 4 ಮತ್ತು 1. ಇದರಲ್ಲಿ 1 ಇದೆ, ಅಂದರೆ ವೋಲ್ಟೇಜ್ ಕಡಿಮೆಯಾಗಿ ವೇಗ ಇಳಿದಿದೆ. ಬಿಸಿಗೂ ಇದಕ್ಕೂ ಸಂಬಂಧವಿಲ್ಲ! ಎಷ್ಟೋ ಜನ ಈ 50000 ನೋಡಿ ಫ್ಯಾನ್ ಕೊಳ್ಳಲು ಹೊರಡುತ್ತಾರೆ. ಬೋರ್ಡಿಗೆ ತಲುಪುವ ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಈ ಗುರುತು ಬೀಳುತ್ತದೆ, ಪರದೆಯಲ್ಲಿ ಮಿಂಚಿನ ಚಿತ್ರ ಬರುತ್ತದೆ. ಹಳೆಯ ಫೋನ್ ಚಾರ್ಜರ್, ಉದ್ದನೆಯ ತೆಳು ಕೇಬಲ್ ಇದಕ್ಕೆ ಸಾಮಾನ್ಯ ಕಾರಣ. ಪೈ 4ಕ್ಕೆ 5.1 ವೋಲ್ಟ್ 3 ಆಂಪ್, ಪೈ 5ಕ್ಕೆ 5 ವೋಲ್ಟ್ 5 ಆಂಪ್ ಕೊಡುವ 27 ವಾಟ್‌ನ ಅಡಾಪ್ಟರ್ ಹಾಕಿ. ಅದು ಸರಿಯಾದ ಮೇಲೆಯೇ ಬಿಸಿಯ ವಿಚಾರ.

ಅಳೆಯುವ ಕ್ರಮ ಹೀಗಿರಲಿ. ನೀವು ಆಡುವುದರಲ್ಲಿ ಅತಿ ಭಾರದ ಗೇಮ್ ಹಾಕಿ. ಪೆಟ್ಟಿಗೆ ಮುಚ್ಚಿರಲಿ, ಯಾವ ಜಾಗದಲ್ಲಿ ಇಟ್ಟು ಆಡುತ್ತೀರೋ ಅಲ್ಲೇ ಇರಲಿ. ಕೋಣೆಯ ಉಷ್ಣಾಂಶ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆ ಆಡಿ, ಅಂಕಿ ಏರುವುದು ನಿಂತ ಮೇಲೆ ಓದಿ. ಐದು ನಿಮಿಷಕ್ಕೆ ನೋಡಿ ನಿರ್ಧರಿಸಬೇಡಿ. ಲೋಹದ ಕೇಸ್ ಆದರೆ ಅದು ಕಾಯುವುದಕ್ಕೇ ಇಪ್ಪತ್ತು ಮೂವತ್ತು ನಿಮಿಷ ಬೇಕು, ಮೊದಲ ಹತ್ತು ನಿಮಿಷ ಎಲ್ಲ ಕೇಸುಗಳೂ ಒಳ್ಳೆಯವೇ. ಆಮೇಲೆ ಮುಚ್ಚಳ ತೆಗೆದು ಇನ್ನು ಹದಿನೈದು ನಿಮಿಷ ಆಡಿ ಮತ್ತೆ ಓದಿ.

ಮುಚ್ಚಳ ತೆಗೆದ ಮೇಲೆ ಹತ್ತು ಹನ್ನೆರಡು ಡಿಗ್ರಿ ಇಳಿದರೆ ಬಿಸಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದೆ, ಹೊಸ ಹೀಟ್‌ಸಿಂಕ್ ಬೇಕಿಲ್ಲ, ಕಿಂಡಿ ಬೇಕು. ಎರಡು ಮೂರು ಡಿಗ್ರಿಯಷ್ಟೇ ಇಳಿದರೆ ಬಿಸಿ ಚಿಪ್ಪಿನ ಹತ್ತಿರವೇ ನಿಂತಿದೆ, ಹೀಟ್‌ಸಿಂಕ್ ಸಣ್ಣದು ಅಥವಾ ಸರಿಯಾಗಿ ಕೂತಿಲ್ಲ. ಲೋಹದ ಕೇಸಿಗೆ ಇನ್ನೂ ಸುಲಭದ ಪರೀಕ್ಷೆ ಇದೆ, ಕೈಯಿಂದ ಮುಟ್ಟಿ ನೋಡುವುದು. ಚಿಪ್ 78 ಡಿಗ್ರಿ ತೋರಿಸುತ್ತಿದ್ದರೂ ಕೇಸ್ ತಣ್ಣಗಿದ್ದರೆ ಚಿಪ್ಪಿಗೂ ಕೇಸಿಗೂ ನಡುವೆ ಬಿಸಿ ಸಾಗಿಸುವ ಪ್ಯಾಡ್ ತಾಗುತ್ತಿಲ್ಲ. ಕೇಸ್ ಕೈಗೆ ಚೆನ್ನಾಗಿ ಬಿಸಿಯಾಗಿ ತಾಗುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ, ಹೆದರಬೇಡಿ.

ಸ್ಟ್ರೆಸ್ ಎಂಬ ಪ್ರೋಗ್ರಾಮ್ ಓಡಿಸಿ ನಾಲ್ಕೂ ಕೋರನ್ನು ತುಂಬಿ ನೋಡುವ ರೂಢಿ ಇದೆ. ಹೊಸ ಕೂಲರ್ ಸಡಿಲವಾಗಿ ಕೂತಿದೆಯೇ ಎಂದು ನೋಡಲು ಅದು ಒಳ್ಳೆಯದು. ಆದರೆ ಎಮ್ಯುಲೇಟರ್ ಅಷ್ಟು ಬಿಸಿ ಹುಟ್ಟಿಸುವುದೇ ಇಲ್ಲ. ಸ್ಟ್ರೆಸ್‌ನಲ್ಲಿ 82 ಬಂತೆಂದು ಗೇಮಿಗೆ ಸಾಲುವ ಕೂಲರನ್ನು ಬದಲಿಸಬೇಕಿಲ್ಲ.

ಇನ್ನೊಂದು ಮಾತು ನಮ್ಮ ಊರುಗಳಿಗೆ ಬಹಳ ಮುಖ್ಯ. ಕೂಲರ್ ಎಷ್ಟೇ ಚೆನ್ನಾಗಿದ್ದರೂ ಅದು ಕೊಡುವುದು ಕೋಣೆಯ ಮೇಲಿನ ಏರಿಕೆಯ ಲೆಕ್ಕ ಮಾತ್ರ. ಬೆಂಗಳೂರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ ಪೈ 65 ತೋರಿಸಿದರೆ ಏರಿಕೆ 40. ಅದೇ ಪೆಟ್ಟಿಗೆಯನ್ನು ರಾಯಚೂರಿಗೋ ಕಲಬುರಗಿಗೋ ಒಯ್ದು ಮೇ ತಿಂಗಳಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಇಟ್ಟರೆ 80 ಮುಟ್ಟುತ್ತದೆ. ಬೋರ್ಡ್ ಕೆಟ್ಟಿಲ್ಲ, ಕೋಣೆ ಹದಿನೈದು ಡಿಗ್ರಿ ಏರಿದೆ ಅಷ್ಟೇ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಕೂತು ಕೇಸ್ ಪರೀಕ್ಷೆ ಮಾಡಿದವರ ಅಂಕಿಗಳನ್ನು ನೋಡುವಾಗ ಅವರ ಕೋಣೆ 20 ಡಿಗ್ರಿ ಇರಬಹುದು ಅನ್ನುವುದು ನೆನಪಿರಲಿ. ಅವರ ಅಂಕಿಗೆ ನಿಮ್ಮ ಬೇಸಿಗೆಯ ವ್ಯತ್ಯಾಸವನ್ನು ಕೂಡಿಸಿ, 75ರ ಒಳಗೆ ಬಂದರೆ ಆ ಕೇಸ್ ಕೊಳ್ಳಿ.

ಚಿಪ್ಪಿನಿಂದ ಲೋಹಕ್ಕೆ

ದಾರಿಯ ಮೊದಲ ಹೆಜ್ಜೆ ಚಿಪ್ಪಿನ ಮೇಲ್ಮೈಯಿಂದ ಹೀಟ್‌ಸಿಂಕಿಗೆ. ಅಲ್ಯುಮಿನಿಯಮ್ ಬಿಸಿಯನ್ನು ಸಾಗಿಸುವ ಪ್ರಮಾಣ ಮೀಟರಿಗೆ ಡಿಗ್ರಿಗೆ ಸುಮಾರು 200 ವಾಟ್, ತಾಮ್ರದ್ದು 400ರ ಹತ್ತಿರ. ಗಾಳಿಯದ್ದು 0.026. ಅಂದರೆ ಕೂದಲೆಳೆಯಷ್ಟು ಗಾಳಿ ನಡುವೆ ಉಳಿದರೂ ಅದೊಂದು ಗೋಡೆ. ಅದನ್ನು ತುಂಬುವುದಕ್ಕೇ ಪ್ಯಾಡ್ ಅಥವಾ ಪೇಸ್ಟ್. ಮಾಮೂಲಿ ಪ್ಯಾಡಿನ ಅಂಕಿ 3ರಿಂದ 6, ಗಾಳಿಗಿಂತ ನೂರು ಪಟ್ಟು ಮೇಲು, ಲೋಹಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದ್ದರಿಂದ ಪ್ಯಾಡ್ ಎಷ್ಟು ತೆಳುವೋ ಅಷ್ಟು ಒಳ್ಳೆಯದು, ಆದರೆ ಎರಡೂ ಕಡೆ ಒತ್ತಿ ಕೂರುವಷ್ಟು ದಪ್ಪ ಇರಲೇಬೇಕು.

ಇಲ್ಲಿ ಆಗುವ ಎಡವಟ್ಟುಗಳು ಕೆಲವೇ, ಆದರೆ ಮತ್ತೆ ಮತ್ತೆ ಆಗುತ್ತವೆ. ಪ್ಯಾಡಿನ ಎರಡೂ ಬದಿಗೆ ಪಾರದರ್ಶಕ ಹಾಳೆ ಇರುತ್ತದೆ, ಒಂದನ್ನು ತೆಗೆದು ಇನ್ನೊಂದನ್ನು ಹಾಗೇ ಬಿಡುತ್ತಾರೆ. ಕೇಸ್ ಮತ್ತು ಚಿಪ್ಪಿನ ನಡುವೆ ಒಂದೂವರೆ ಮಿಲಿಮೀಟರ್ ಅಂತರ ಇದ್ದಾಗ 1 ಮಿಲಿಮೀಟರಿನ ಪ್ಯಾಡ್ ಹಾಕಿದರೆ ತಾಗುವುದೇ ಇಲ್ಲ. ಆಗ ಎರಡು ತೆಳು ಪ್ಯಾಡುಗಳನ್ನು ಒಂದರ ಮೇಲೊಂದು ಇಡುತ್ತಾರೆ, ನಡುವೆ ಇನ್ನೊಂದು ಗಾಳಿಯ ಪದರ ಸೇರುತ್ತದೆ. ಸರಿಯಾದ ದಪ್ಪದ ಒಂದೇ ಪ್ಯಾಡ್ ತನ್ನಿ. ತಾಗಿದೆಯೇ ಎಂದು ತಿಳಿಯಲು ಕೇಸ್ ಸ್ಕ್ರೂ ಬಿಗಿಮಾಡಿ, ಬಿಚ್ಚಿ, ಪ್ಯಾಡ್ ಮೇಲೆ ಚಿಪ್ಪಿನ ಚೌಕದ ಅಚ್ಚು ನಾಲ್ಕೂ ಮೂಲೆಯಲ್ಲಿ ಸಮವಾಗಿ ಬಿದ್ದಿದೆಯೇ ನೋಡಿ. ಒಂದು ಬದಿ ಮಾತ್ರ ಒತ್ತಿದ್ದರೆ ಸ್ಕ್ರೂಗಳನ್ನು ಒಂದೊಂದನ್ನೇ ಪೂರ್ತಿ ಬಿಗಿಯುವ ಬದಲು ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತಾ ಬನ್ನಿ.

ಅಂಟು ಇರುವ ಸಣ್ಣ ಅಲ್ಯುಮಿನಿಯಮ್ ಹೀಟ್‌ಸಿಂಕುಗಳು ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತವೆ. ಅಂಟಿಸುವ ಮೊದಲು ಚಿಪ್ಪನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಲು ಬಿಡಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡನ್ನು ನಿಲ್ಲಿಸಿ ಇಡುವಿರಾದರೆ ಬಿಸಿಗೆ ಅಂಟು ಸಡಿಲವಾಗಿ ಹೀಟ್‌ಸಿಂಕ್ ಜಾರಬಹುದು. ಜಾರಿದ ಲೋಹ ಹೊರಗಿನ ಭಾಗಗಳನ್ನು ಜೋಡಿಸುವ ಜಿಪಿಐಒ ಪಿನ್ನುಗಳ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಪೇಸ್ಟನ್ನು ಸ್ಕ್ರೂನಿಂದ ಬಿಗಿಯುವ ಕೂಲರಿಗೆ ಮಾತ್ರ ಬಳಸಿ, ಅಂಟಿನ ಹೀಟ್‌ಸಿಂಕಿಗೆ ಪೇಸ್ಟ್ ಹಚ್ಚಿದರೆ ಅದು ನಿಲ್ಲುವುದಿಲ್ಲ. ಲಿಕ್ವಿಡ್ ಮೆಟಲ್ ಎಂದು ಮಾರುವುದನ್ನು ಮುಟ್ಟಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಮನ್ನು ತಿನ್ನುತ್ತದೆ, ಚೆಲ್ಲಿದರೆ ವಿದ್ಯುತ್ತನ್ನೂ ಹರಿಸುತ್ತದೆ.

ಫ್ಯಾನ್ ಇಲ್ಲದ ಹೀಟ್‌ಸಿಂಕಿನ ರೆಕ್ಕೆಗಳು ನೇರ ನಿಂತಿರಲಿ, ಬಿಸಿ ಗಾಳಿ ಅವುಗಳ ನಡುವೆ ಮೇಲಕ್ಕೆ ಏರಿ ಹೋಗುವಂತೆ. ಬೋರ್ಡನ್ನು ಮಲಗಿಸುವ ಬದಲು ಗೋಡೆಗೆ ನಿಲ್ಲಿಸಿದರೆ ಖರ್ಚಿಲ್ಲದೆ ಕೆಲವು ಡಿಗ್ರಿ ಉಳಿಯುತ್ತದೆ.

ಪೈ 4ಕ್ಕೆ ನನ್ನ ಶಿಫಾರಸು ಇಡೀ ಕೇಸೇ ಹೀಟ್‌ಸಿಂಕ್ ಆಗಿರುವ ಅಲ್ಯುಮಿನಿಯಮ್ ಕೇಸ್. ಸದ್ದಿಲ್ಲ, ತಿರುಗುವ ಭಾಗ ಇಲ್ಲ, ಧೂಳಿನಿಂದ ಕೆಡುವುದಿಲ್ಲ. ಒಂದೇ ತೊಡಕು ಬ್ಲೂಟೂತ್. ಎಲ್ಲ ಬದಿಯೂ ಲೋಹವಾದರೆ ಅಲೆಗಳು ಹೊರಬರಲು ಕಷ್ಟ, ಕಂಟ್ರೋಲರ್ ಮಧ್ಯೆ ಮಧ್ಯೆ ಕಳಚಿಕೊಳ್ಳುತ್ತದೆ. ಮೇಲೆ ಕೆಳಗೆ ಪ್ಲಾಸ್ಟಿಕ್ ಇರುವ ಮಾದರಿ ಆರಿಸಿ. ಇಲ್ಲವೇ ಯುಎಸ್‌ಬಿ ಬ್ಲೂಟೂತ್ ಡಾಂಗಲನ್ನು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲಿನ ತುದಿಯಲ್ಲಿ ಹಾಕಿ, ಅದನ್ನು ಕಪ್ಪು ಬಣ್ಣದ ಯುಎಸ್‌ಬಿ 2 ಕಿಂಡಿಗೆ ಚುಚ್ಚಿ. ನೀಲಿ ಯುಎಸ್‌ಬಿ 3 ಕಿಂಡಿಯ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಿಯಾಗುತ್ತದೆ. ಬಿಸಿಯ ವಿಷಯ ಬಿಟ್ಟು ಆಚೆ ಹೋದೆ, ಆದರೆ ಕೇಸ್ ಬದಲಿಸಿದ ದಿನವೇ ಕಂಟ್ರೋಲರ್ ಕೈಕೊಟ್ಟರೆ ಕಾರಣ ಗೊತ್ತಿರಬೇಕು.

2023ರಲ್ಲಿ ಬಂದ ಪೈ 5ಕ್ಕೆ ಬೇರೆ ಹುಡುಕಾಟ ಬೇಡ, ಅದರದೇ ಆಕ್ಟಿವ್ ಕೂಲರ್ ಹಾಕಿ. ಪ್ಯಾಡುಗಳು ಅಂಟಿಕೊಂಡೇ ಬರುತ್ತವೆ. ಎರಡು ಸ್ಪ್ರಿಂಗ್ ಪಿನ್ನುಗಳನ್ನು ಬೋರ್ಡಿನ ತೂತಿಗೆ ಒತ್ತಿದರೆ ಕ್ಲಿಕ್ ಎಂದು ಕೂರುತ್ತವೆ. ಒತ್ತುವ ಮೊದಲು ಫ್ಯಾನ್ ಕನೆಕ್ಟರಿನ ಪುಟ್ಟ ಮುಚ್ಚಳ ತೆಗೆದಿರಿ. ಒಮ್ಮೆ ಕೂರಿಸಿದ ಮೇಲೆ ಕಿತ್ತು ಮತ್ತೆ ಹಾಕುವ ಅಭ್ಯಾಸ ಬೇಡ. ಪಿನ್ನೂ ಪ್ಯಾಡೂ ಎರಡೂ ಹಾಳಾಗುತ್ತವೆ.

ಫ್ಯಾನ್

ಪೈ 4ರಲ್ಲಿ ಸಣ್ಣ 30 ಮಿಲಿಮೀಟರ್ ಫ್ಯಾನಿನ ಎರಡು ತಂತಿಯನ್ನು 4ನೇ ಪಿನ್ ಮತ್ತು 6ನೇ ಪಿನ್ನಿಗೆ ಚುಚ್ಚಿದರೆ 5 ವೋಲ್ಟಿನಲ್ಲಿ ಸದಾ ಪೂರ್ತಿ ವೇಗದಲ್ಲಿ ಕಿರಗುಟ್ಟುತ್ತದೆ. ಕೆಂಪನ್ನು 1ನೇ ಪಿನ್ನಿಗೆ, ಅಂದರೆ 3.3 ವೋಲ್ಟಿಗೆ ಬದಲಿಸಿದರೆ ಸದ್ದು ಬಹಳ ಇಳಿಯುತ್ತದೆ, ಹೆಚ್ಚಿನ ಗೇಮುಗಳಿಗೆ ಅಷ್ಟು ಗಾಳಿ ಸಾಕು. ಕೆಲವು ಫ್ಯಾನುಗಳು 3.3 ವೋಲ್ಟಿನಲ್ಲಿ ನಿಂತಲ್ಲಿಂದ ಹೊರಡುವುದಿಲ್ಲ. ಬೋರ್ಡನ್ನು ಪೂರ್ತಿ ಆರಿಸಿ ಮತ್ತೆ ಹಾಕಿ, ಕೈಯಿಂದ ತಳ್ಳದೆ ತಿರುಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ.

ಬೇಕಾದಾಗ ಮಾತ್ರ ತಿರುಗಬೇಕಾದರೆ ಮೂರು ತಂತಿಯ ಫ್ಯಾನ್ ತೆಗೆದುಕೊಳ್ಳಿ. ಪೈ 4ರ ಅಧಿಕೃತ ಕೇಸ್ ಫ್ಯಾನಿನಲ್ಲಿ ಕೆಂಪು 4ನೇ ಪಿನ್ನಿಗೆ, ಕಪ್ಪು 6ಕ್ಕೆ, ನೀಲಿ 8ಕ್ಕೆ. 8ನೇ ಪಿನ್ ಅಂದರೆ ಜಿಪಿಐಒ 14. ರಾಸ್ಪಿ ಕಾನ್ಫಿಗ್ ಎಂಬ ಸೆಟ್ಟಿಂಗ್ ಪ್ರೋಗ್ರಾಮಿನ (ಇದರ ಹೆಸರಲ್ಲಿ ಮಾತ್ರ ಅಂಡರ್‌ಸ್ಕೋರ್ ಬದಲು ಹೈಫನ್) ಪರ್ಫಾರ್ಮೆನ್ಸ್ ಭಾಗದಲ್ಲಿ ಫ್ಯಾನ್ ಎಂಬ ಆಯ್ಕೆ ತೆರೆದು 14 ಮತ್ತು 65 ಡಿಗ್ರಿ ಕೊಡಿ. 65ಕ್ಕೆ ತಿರುಗಲು ಶುರುವಾದ ಫ್ಯಾನ್ 55ಕ್ಕೆ ಇಳಿದ ಮೇಲೆ ನಿಲ್ಲುತ್ತದೆ. ಈ ಹತ್ತು ಡಿಗ್ರಿಯ ಅಂತರ ಇಲ್ಲದಿದ್ದರೆ ನಿಮಿಷಕ್ಕೆ ನಾಲ್ಕು ಬಾರಿ ಹೊತ್ತಿ ಆರಿ ತಲೆ ಕೆಡಿಸುತ್ತದೆ. ಆರ್ಕೇಡ್ ಬಟನ್ನುಗಳನ್ನು ನೇರ ಜಿಪಿಐಒಗೆ ಜೋಡಿಸಿರುವವರು 14ಕ್ಕೆ ಈಗಾಗಲೇ ಯಾವುದಾದರೂ ಬಟನ್ ಇದೆಯೇ ನೋಡಿ. ಇದ್ದರೆ ಬೇರೆ ಪಿನ್ ಆರಿಸಿ, ಕಾನ್ಫಿಗ್‌ನಲ್ಲೂ ಅದನ್ನೇ ಬರೆಯಿರಿ.

ಎರಡು ತಂತಿಯ ಫ್ಯಾನನ್ನೇ ಹತೋಟಿಗೆ ತರಬೇಕೆಂದು ಜಿಪಿಐಒ ಪಿನ್ನಿಗೆ ನೇರ ಜೋಡಿಸಬೇಡಿ. ಆ ಪಿನ್ ಕೊಡಬಲ್ಲದ್ದು 16 ಮಿಲಿಆಂಪ್, ಫ್ಯಾನ್ ಕೇಳುವುದು 100ರಿಂದ 200. ಪಿನ್ ಸುಟ್ಟುಹೋಗುತ್ತದೆ. ನಡುವೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಬೇಕು. ನಮ್ಮ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೊಡುವುದು ಬಿ.ಸಿ. 547, ಅದರ ಮಿತಿ 100 ಮಿಲಿಆಂಪ್, ಇದಕ್ಕೆ ಸಾಲದು. 2ಎನ್2222 ಅಥವಾ ಬಿ.ಸಿ. 337 ಕೇಳಿ. ಫ್ಯಾನಿನ ಕೆಂಪು 5 ವೋಲ್ಟಿಗೆ, ಕಪ್ಪು ಕಲೆಕ್ಟರಿಗೆ, ಎಮಿಟರ್ ಗ್ರೌಂಡಿಗೆ. ಜಿಪಿಐಒ ಪಿನ್ನಿನಿಂದ ಬೇಸಿಗೆ 1 ಕಿಲೊಓಮ್ ರೆಸಿಸ್ಟರ್, ಫ್ಯಾನ್ 200 ಮಿಲಿಆಂಪಿನದಾದರೆ 470 ಓಮ್. ಫ್ಯಾನಿನ ಎರಡು ತಂತಿಯ ನಡುವೆ 1ಎನ್4007 ಡಯೋಡ್, ಅದರ ಬಿಳಿ ಪಟ್ಟೆ 5 ವೋಲ್ಟಿನ ಕಡೆಗೆ. ಡಯೋಡ್ ಬಿಟ್ಟರೆ ಫ್ಯಾನ್ ನಿಲ್ಲುವ ಪ್ರತಿ ಸಲವೂ ಅದರ ಸುರುಳಿಯಿಂದ ಬರುವ ವೋಲ್ಟೇಜಿನ ಹೊಡೆತ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ.

ಪೈ 5ರಲ್ಲಿ ಈ ಕಷ್ಟ ಇಲ್ಲ, ನಾಲ್ಕು ಪಿನ್ನಿನ ಫ್ಯಾನ್ ಕನೆಕ್ಟರ್ ಬೋರ್ಡಿನಲ್ಲೇ ಇದೆ. 50 ಡಿಗ್ರಿಗೆ ಶೇಕಡಾ 30ರ ವೇಗ, 60ಕ್ಕೆ 50, 67.5ಕ್ಕೆ 70, 75ಕ್ಕೆ ಪೂರ್ತಿ. ಇಲ್ಲಿ ನಮ್ಮ ಬೇಸಿಗೆಗೆ ಒಂದು ತೊಂದರೆ ಇದೆ: 38 ಡಿಗ್ರಿಯ ಕೋಣೆಯಲ್ಲಿ ಬೋರ್ಡ್ ಸುಮ್ಮನೆ ಕೂತಿದ್ದರೂ 50ರ ಮೇಲೇ ಇರುತ್ತದೆ, ಫ್ಯಾನ್ ನಿಲ್ಲುವುದೇ ಇಲ್ಲ. ಕಾನ್ಫಿಗ್ ಫೈಲಿನಲ್ಲಿ ಡಿಟಿಪ್ಯಾರಮ್ ಎಂದು ಬರೆದು ಫ್ಯಾನ್ ಟೆಂಪ್0 ಅನ್ನು 60000ಕ್ಕೆ, ಫ್ಯಾನ್ ಟೆಂಪ್1 ಅನ್ನು 67000ಕ್ಕೆ, ಫ್ಯಾನ್ ಟೆಂಪ್2 ಅನ್ನು 72000ಕ್ಕೆ ಏರಿಸಿ. ಇವು ಡಿಗ್ರಿಯ ಸಾವಿರ ಪಟ್ಟು ಅಂಕಿಗಳು, ಸೊನ್ನೆ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಕೊನೆಯ 75ನ್ನು ಮುಟ್ಟಬೇಡಿ.

ಗಾಳಿಯ ದಿಕ್ಕು ತಿಳಿಯಲು ಫ್ಯಾನಿನ ಸ್ಟಿಕರ್ ನೋಡಿ. ಸ್ಟಿಕರ್ ಮತ್ತು ಅಡ್ಡಪಟ್ಟಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ. ಹೀಟ್‌ಸಿಂಕಿನ ಹತ್ತಿರದ ಸಣ್ಣ ಫ್ಯಾನ್ ಅದರ ಮೇಲೆ ಊದಲಿ, ಪೆಟ್ಟಿಗೆಯ ಗೋಡೆಯಲ್ಲಿರುವ ಫ್ಯಾನ್ ಹೊರಗೆ ಊದಲಿ.

ಪೆಟ್ಟಿಗೆಯಿಂದ ಕೋಣೆಗೆ

ಹಳೆಯ ಕನ್ಸೋಲಿನ ಆಕಾರದ ಪ್ಲಾಸ್ಟಿಕ್ ಕೇಸುಗಳು ನೋಡಲು ಚಂದ. ಕೊಂಡಮೇಲೆ ಒಳಗಿನಿಂದ ಟಾರ್ಚ್ ಹಾಕಿ ನೋಡಿ, ಕಿಂಡಿಯಂತೆ ಕಾಣುವ ಗೆರೆಗಳಲ್ಲಿ ಎಷ್ಟು ನಿಜವಾಗಿ ತೂತಾಗಿವೆ ಎಂದು. ಹಲವು ಬರಿಯ ಅಲಂಕಾರ. ಅಂಥ ಕೇಸಿನೊಳಗೆ ಫ್ಯಾನ್ ಹಾಕುವುದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗಿಸಿದ ಹಾಗೆ: ಗಾಳಿ ಸುತ್ತುತ್ತದೆ, ಬಿಸಿ ಅಲ್ಲೇ ಇರುತ್ತದೆ. ಅಡಿಯಲ್ಲಿ 4 ಮಿಲಿಮೀಟರಿನ ಹತ್ತಿಪ್ಪತ್ತು ತೂತು, ಹಿಂಬದಿ ಮೇಲ್ತುದಿಯಲ್ಲಿ ಅಷ್ಟೇ ತೂತು ಕೊರೆಯಿರಿ. ಅಡಿಗೆ ರಬ್ಬರ್ ಕಾಲು ಅಂಟಿಸಿ, ಮೇಜಿಗೆ ಅಂಟಿ ಕೂತರೆ ಕೆಳಗಿನ ತೂತು ಇದ್ದೂ ಇಲ್ಲದಂತೆ.

ಪ್ಲೈವುಡ್ ಆರ್ಕೇಡ್ ಕ್ಯಾಬಿನೆಟ್ ಕಟ್ಟುವವರಿಗೆ ಇದು ಇನ್ನೂ ದೊಡ್ಡ ವಿಷಯ. ಮರ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒಳಗೆ ಪೈ ಒಂದೇ ಅಲ್ಲ, ಮಾನಿಟರ್, ಆಂಪ್ಲಿಫೈಯರ್, ಅಡಾಪ್ಟರ್ ಎಲ್ಲವೂ ಕಾಯುತ್ತವೆ. ಪೈ 6 ವಾಟ್ ಬಿಟ್ಟರೆ ಮಾನಿಟರ್ 25 ವಾಟ್ ಬಿಡುತ್ತದೆ. ಒಳಗಿನ ಗಾಳಿಯೇ 48 ಡಿಗ್ರಿ ಆಗಿರುವಾಗ ಪೈ ಮೇಲಿನ ಕೂಲರಿಗೆ ಏನು ತಾನೇ ಮಾಡಲಾದೀತು? ಹಿಂಬಾಗಿಲಿನ ಮೇಲ್ತುದಿಯಲ್ಲಿ ಕಂಪ್ಯೂಟರಿನ 80 ಅಥವಾ 120 ಮಿಲಿಮೀಟರಿನ 12 ವೋಲ್ಟ್ ಫ್ಯಾನನ್ನು ಹೊರಮುಖವಾಗಿ ಹಾಕಿ, ಯುಎಸ್‌ಬಿಯ 5 ವೋಲ್ಟಿನಲ್ಲಿ ಓಡಿಸಿ. ನಿಧಾನವಾಗಿ ತಿರುಗುತ್ತದೆ, ಸದ್ದೇ ಕೇಳುವುದಿಲ್ಲ, ಆದರೂ ಸಣ್ಣ ಫ್ಯಾನ್ ಚೀರಾಡಿ ಎಳೆಯುವುದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತದೆ. ಇದೂ 5 ವೋಲ್ಟಿನಲ್ಲಿ ತಾನೇ ಹೊರಡುತ್ತದೆಯೇ ನೋಡಿಕೊಳ್ಳಿ. ಗಾಳಿ ಒಳಬರಲು ಮುಂಭಾಗದ ಕೆಳಗೆ ಫ್ಯಾನಿನಷ್ಟೇ ವಿಸ್ತಾರದ ಜಾಲರಿ ಬೇಕು. ಪೈಯನ್ನು ಆ ದಾರಿಯ ಕೆಳಭಾಗದಲ್ಲಿ, ಅಡಾಪ್ಟರುಗಳನ್ನು ಅದಕ್ಕಿಂತ ಮೇಲೆ ಕೂರಿಸಿ.

ಓವರ್‌ಕ್ಲಾಕಿನ, ಅಂದರೆ ಚಿಪ್ಪನ್ನು ಅದರ ಮೂಲ ವೇಗಕ್ಕಿಂತ ಹೆಚ್ಚು ಓಡಿಸುವುದರ ಬಗ್ಗೆ ಕೇಳುವವರಿಗೆ ಒಂದು ಲೆಕ್ಕ. ಚಿಪ್ ಬಿಡುವ ಬಿಸಿ ಸರಿಸುಮಾರು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿದೆ. ವೇಗ ಶೇಕಡಾ 20, ವೋಲ್ಟೇಜ್ ಶೇಕಡಾ 10 ಏರಿಸಿದರೆ 1.2 ಗುಣಿಸು 1.21, ಅಂದರೆ ಬಿಸಿ ಶೇಕಡಾ 45ರಷ್ಟು ಏರಿತು. ಪೈ 4ರ ಹೊಸ ಬೋರ್ಡುಗಳಲ್ಲಿ ಆರ್ಮ್ ಬೂಸ್ಟ್ 1 ಎಂದು ಕೊಟ್ಟರೆ 1.8 ಗಿಗಾಹರ್ಟ್ಸ್ ಸಿಗುತ್ತದೆ, ಮೊದಲು ಅದನ್ನು ನೋಡಿ. ಅದರಿಂದಾಚೆ 2000 ಮೆಗಾಹರ್ಟ್ಸ್‌ಗೆ ಹೋಗಲು ಓವರ್ ವೋಲ್ಟೇಜ್ 6 ಕೊಡುವುದು ರೂಢಿ. ಒಂದೊಂದು ಹೆಜ್ಜೆಯೂ 0.025 ವೋಲ್ಟ್, ಒಟ್ಟು 0.15. ಏರಿಸಿದ ಮೇಲೆ ರೆಟ್ರೋಆರ್ಕ್‌ನಲ್ಲಿ ಫ್ರೇಮ್ ಎಣಿಕೆ ತೆರೆದು ನೋಡಿ. ಮೊದಲೂ 60, ಈಗಲೂ 60 ಇದ್ದರೆ ಆ ಗೇಮಿಗೆ ಅದು ಬೇಕೇ ಇರಲಿಲ್ಲ, ಹಿಂದಕ್ಕೆ ಹಾಕಿಬಿಡಿ. 8 ಬಿಟ್, 16 ಬಿಟ್ ಮಾತ್ರ ಆಡುವವರು ಉಲ್ಟಾ ದಾರಿ ಹಿಡಿಯಬಹುದು: ಪೈ 4ರಲ್ಲಿ ಆರ್ಮ್ ಫ್ರೀಕ್ವೆನ್ಸಿಯನ್ನು 1200ಕ್ಕೆ ಇಳಿಸಿ, ಅದೇ ಗೇಮ್ ಅದೇ ವೇಗದಲ್ಲಿ ನಡೆಯುತ್ತದೆ, ಫ್ಯಾನೇ ಬೇಕಾಗುವುದಿಲ್ಲ. ಆ ಸಾಲಿನಲ್ಲಿ ಫ್ರೀಕ್ವೆನ್ಸಿ ಎಂಬ ಪದದ ಮೊದಲ ನಾಲ್ಕು ಅಕ್ಷರಗಳನ್ನಷ್ಟೇ ಬರೆಯಬೇಕು.

ಕೈಯಲ್ಲಿ ಹಿಡಿದು ಆಡುವ ಸಾಧನ ಕಟ್ಟುವವರು ಪೈ ಝೀರೋ 2 ಡಬ್ಲ್ಯೂ ಹಾಕುತ್ತಾರೆ. ಅದರ ಬಿಸಿ ಬೋರ್ಡಿನೊಳಗಿನ ತಾಮ್ರದ ಪದರಗಳಿಗೆ ಹರಡಿಕೊಳ್ಳುತ್ತದೆ, ಸಣ್ಣ ಹೀಟ್‌ಸಿಂಕ್ ಸಾಕು. ಅಲ್ಲಿ ನೋಡಬೇಕಾದ್ದು ಬ್ಯಾಟರಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಚಿಪ್ಪಿನ ಬೆನ್ನಿಗೆ ಬ್ಯಾಟರಿ ಅಂಟಿಸಬೇಡಿ, ಚಾರ್ಜಿಗೆ ಹಾಕಿ ಭಾರದ ಗೇಮ್ ಆಡಬೇಡಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಅವತ್ತೇ ತೆಗೆದುಹಾಕಿ.

ಕಡೆಯದಾಗಿ ಧೂಳು. ಫ್ಯಾನ್ ಇರುವ ಪೆಟ್ಟಿಗೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ. ಬ್ಲೋಯರ್ ಬಳಸುವುದಾದರೆ ಫ್ಯಾನಿನ ಎಲೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ, ವಿಪರೀತ ವೇಗಕ್ಕೆ ತಿರುಗಿದರೆ ಬೇರಿಂಗ್ ಹೋಗುತ್ತದೆ. ಬಿಚ್ಚಿದಾಗ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ, ಅದೇ ಗೇಮ್ ಹಾಕಿ ಅದೇ ಅರ್ಧ ಗಂಟೆಯ ಅಳತೆ ತೆಗೆದು, ಕೋಣೆಯ ಉಷ್ಣಾಂಶದ ಜೊತೆ ಕೇಸಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿ ಬರೆದಿಡಿ. ಮುಂದಿನ ಬಾರಿ ಏರಿಕೆ ಐದು ಡಿಗ್ರಿ ಹೆಚ್ಚಾಗಿದ್ದು ಧೂಳೂ ಇಲ್ಲದಿದ್ದರೆ ಪ್ಯಾಡ್ ಒಣಗಿದೆ, ಬದಲಿಸಿ.